ಏಳು ಇಂಚು ಗಿಡ್ಡವಾದ ಮನೆ: ಹಿಂದಿನ ಮಾಲೀಕರು ಮಾಡಿಸಿದ ಬದಲಾವಣೆಗಳ ಕಾರಣ ಹುಡುಕಿದ ಬಗೆ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಬಗೆಯ ಮನೆ ಇದು. 30×40 ಸೈಟು, ಪೂರ್ವಕ್ಕೆ ರಸ್ತೆ, ಪೂರ್ವಕ್ಕೇ ತಲೆಬಾಗಿಲು. ಸೈಜುಗಲ್ಲಿನ ಪಾಯ, 9 ಇಂಚಿನ ಇಟ್ಟಿಗೆ ಗೋಡೆ, ಅದರ ಮೇಲೆ ತಾರಸಿ. ನೆಲಮಹಡಿ 1980ರ ದಶಕದ ಕೊನೆಯದು, ಮೇಲಿನ ಮಹಡಿ ಆಮೇಲೆ ಎದ್ದದ್ದು. ಈಗಿನ ಮಾಲೀಕರ ಕೈಗೆ ಬರುವಷ್ಟರಲ್ಲಿ ಎರಡು ಸಲ ಮಾರಾಟವಾಗಿತ್ತು. ಮಾರಿದವರೇ ಕಟ್ಟಿಸಿದವರಲ್ಲವಾದ್ದರಿಂದ ಏನು ಕೇಳಿದರೂ ಸಿಗುತ್ತಿದ್ದ ಉತ್ತರ ಒಂದೇ: "ನಾವು ತಗೊಂಡಾಗಲೇ ಹಿಂಗಿತ್ತು."

ಅರ್ಥವಾಗದ ಸಂಗತಿಗಳು ಇವು. ಎಲ್ಲ ಬಾಗಿಲೂ ತುಸು ಗಿಡ್ಡ. ಹಾಲಿನ ದಕ್ಷಿಣ ಗೋಡೆಗೆ ಒತ್ತಿಕೊಂಡು 4 ಅಡಿ ಎತ್ತರದ, ಮೇಲೆ ಕಪ್ಪು ಗ್ರಾನೈಟ್ ಹೊದಿಸಿದ ಕಟ್ಟೆ. ಹಾಲಿಗೂ ಹಿಂದಿನ ಕೋಣೆಗಳಿಗೂ ನಡುವೆ ಅಡ್ಡಗೋಡೆ, ಅದರಲ್ಲಿ ಮುಚ್ಚಿದ ಬಾಗಿಲಿನ ಗುರುತು. ಪೋರ್ಟಿಕೋವನ್ನು ಮುಚ್ಚಿ ಮಾಡಿದ ಮುಂದಿನ ಕೋಣೆಯಲ್ಲಿ ಚೌಕಾಕಾರದ ಟೈಲ್ಸ್ ಬಿರುಕು, ಅದೇ ಕೋಣೆಯ ಗೋಡೆಯಲ್ಲಿ ಏನನ್ನೂ ಹೊತ್ತಿಸದ ಒಂದು 16 ಆಂಪಿಯರ್ ಸ್ವಿಚ್ಚು. ಇವೆಲ್ಲದರ ಜೊತೆಗೆ, ಹೊಸದಾಗಿ ಹಾಕಿಸಿದ ಆರ್‌ಸಿಸಿಬಿಗಳು (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚುಗಳು) ಹೊತ್ತುಗೊತ್ತಿಲ್ಲದೆ ಟ್ರಿಪ್ ಆಗುತ್ತಿದ್ದವು.

ಮಾಲೀಕರ ಯೋಜನೆ ಸರಳವಾಗಿತ್ತು: ಕಟ್ಟೆ ಒಡೆಸಿ, ಅಡ್ಡಗೋಡೆ ತೆಗೆಸಿ, ಹಾಲನ್ನು ದೊಡ್ಡದು ಮಾಡಿ ಬಣ್ಣ ಬಳಿಸುವುದು. ಕೆಲಸ ಆ ಕ್ರಮದಲ್ಲಿ ನಡೆದಿದ್ದರೆ ಮೇಲಿನ ಮಹಡಿಯನ್ನು ಹೊತ್ತ ತಾರಸಿಗೆ ಪೆಟ್ಟು ಬೀಳುತ್ತಿತ್ತು. ಮೊದಲು ಅಳತೆ, ಆಮೇಲೆ ಸುತ್ತಿಗೆ ಎಂದು ನಿರ್ಧರಿಸಿದ್ದರಿಂದ ಅದು ತಪ್ಪಿತು.

ಲಿಂಟಲ್ ಸುಳ್ಳು ಹೇಳುವುದಿಲ್ಲ

ಹಳೆಯ ಮನೆಯಲ್ಲಿ ಟೈಲ್ಸ್ ಬದಲಾಗುತ್ತದೆ, ಗಾರೆ ಬದಲಾಗುತ್ತದೆ, ಬಾಗಿಲೂ ಬದಲಾಗುತ್ತದೆ. ಬಾಗಿಲು, ಕಿಟಕಿಯ ಮೇಲಿನ ಗೋಡೆಯನ್ನು ಹೊರುವ ತೊಲೆಯಾದ ಲಿಂಟಲ್ ಮಾತ್ರ ಕಟ್ಟಿದ ದಿನ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆ ಕಾಲದ ಮನೆಗಳಲ್ಲಿ ಲಿಂಟಲ್‌ನ ತಳವನ್ನು ಸಾಮಾನ್ಯವಾಗಿ ನೆಲದಿಂದ 7 ಅಡಿಗೆ ಇಡುತ್ತಿದ್ದರು. ಇಲ್ಲಿ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು ಅಳೆದರೆ ಎಲ್ಲ ಕೋಣೆಗಳಲ್ಲೂ 6 ಅಡಿ 5 ಇಂಚು ಬಂತು. ಎಲ್ಲೋ ಒಂದು ಕಡೆ ವ್ಯತ್ಯಾಸ ಬಂದಿದ್ದರೆ ಮೇಸ್ತ್ರಿಯ ಕೈತಪ್ಪು ಅನ್ನಬಹುದಿತ್ತು. ಎಲ್ಲ ಕಡೆಯೂ ಅದೇ 7 ಇಂಚು ಕಮ್ಮಿ ಎಂದರೆ ಇಳಿದದ್ದು ಲಿಂಟಲ್ ಅಲ್ಲ, ಏರಿದ್ದು ನೆಲ.

ಸಾಕ್ಷಿಗಳು ಒಂದರ ಹಿಂದೆ ಒಂದು ಸಿಕ್ಕವು. ಕಿಟಕಿಯ ಕಟ್ಟೆ 3 ಅಡಿ ಎತ್ತರದಲ್ಲಿರಬೇಕಾದದ್ದು 2 ಅಡಿ 5 ಇಂಚಿಗೆ ಬಂದಿತ್ತು. ಸ್ವಿಚ್ ಬೋರ್ಡುಗಳೂ ಅಷ್ಟೇ ಕೆಳಗೆ. ಹೆಚ್ಚು ಹೇಳಿದ್ದು ಬಾಗಿಲುಗಳೇ. ಹಲಗೆ ಕೂರಿಸಿದ ತೇಗದ ಬಾಗಿಲಿನಲ್ಲಿ ಕೆಳಗಿನ ಅಡ್ಡಪಟ್ಟಿಯನ್ನು ಮೇಲಿನದಕ್ಕಿಂತ ಅಗಲ ಇಡುವುದು ರೂಢಿ, ಸುಮಾರು 8ರಿಂದ 9 ಇಂಚು. ಇಲ್ಲಿ ಕೆಳಗೆ ಉಳಿದಿದ್ದದ್ದು 2 ಇಂಚು, ಅದರ ತಳದಲ್ಲಿ ಗರಗಸದ ಒರಟು ಗುರುತು. ಏರಿದ ನೆಲಕ್ಕೆ ತಗಲದಂತೆ ಬಾಗಿಲನ್ನೇ ಕೊಯ್ದಿದ್ದರು.

ಹಾಲಿನ ಒಂದು ಮೂಲೆಯಲ್ಲಿ, ಹೇಗೂ ಬಿರುಕು ಬಿಟ್ಟಿದ್ದ ಒಂದು ಟೈಲ್ಸ್ ಎಬ್ಬಿಸಿ ಕೆಳಗೆ ನೋಡಿದಾಗ ಪದರಗಳು ಸ್ಪಷ್ಟವಾದವು. ಟೈಲ್ಸ್ ಮತ್ತು ಗಾರೆ ಸೇರಿ 1 ಇಂಚು, ಜೆಲ್ಲಿ ಕಾಂಕ್ರೀಟು 2 ಇಂಚು, ಮಣ್ಣು ಮತ್ತು ಒಡೆದ ಇಟ್ಟಿಗೆಯ ಡೆಬ್ರಿ 4 ಇಂಚು. ಅದರಡಿಗೆ, ಪಾಲಿಶ್ ಕೂಡ ಮಾಸದ ಹಳೆಯ ಮೊಸಾಯಿಕ್ ನೆಲ.

ಇಷ್ಟು ಖರ್ಚು ಮಾಡಿ ನೆಲ ಏರಿಸುವ ಕಾರಣ ಮನೆಯೊಳಗೆ ಸಿಗುವುದಿಲ್ಲ, ರಸ್ತೆಯಲ್ಲಿ ಸಿಗುತ್ತದೆ. ಗೇಟಿನ ಪಕ್ಕ ಒಂದಡಿ ಅಗೆದಾಗ ಮೂರು ಕಲ್ಲು ಮೆಟ್ಟಿಲುಗಳ ಪೈಕಿ ಕೆಳಗಿನ ಎರಡು ಹೂತುಹೋಗಿದ್ದವು. ಒಂದೊಂದೂ 6 ಇಂಚಿನದು. ಮನೆ ಕಟ್ಟಿದಾಗ ನೆಲ ರಸ್ತೆಗಿಂತ 18 ಇಂಚು ಮೇಲಿತ್ತು. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸ ಪದರ ಹಾಕುತ್ತ ಬಂದದ್ದರಿಂದ ರಸ್ತೆ ಒಂದಡಿ ಏರಿತು, ಮೊಸಾಯಿಕ್ ನೆಲಕ್ಕೂ ರಸ್ತೆಗೂ ಉಳಿದ ಅಂತರ ಬರೀ 6 ಇಂಚು. ಇಂಥ ಮನೆಯಲ್ಲಿ ಮಳೆನೀರು ಮೊದಲು ನುಗ್ಗುವುದು ಬಾಗಿಲಿನಿಂದಲ್ಲ. ಚರಂಡಿ ತುಂಬಿದಾಗ ಚೇಂಬರಿನಿಂದ (ಮನೆಯ ಕೊಳಚೆ ಪೈಪು ಸೇರುವ ಹೊರಗಿನ ತೊಟ್ಟಿ) ಹಿಂದಕ್ಕೆ ಒತ್ತಿ, ಮನೆಯಲ್ಲೇ ತಗ್ಗಾದ ಜಾಗವಾದ ಬಚ್ಚಲಿನ ನಹನಿ ಟ್ರ್ಯಾಪಿನಿಂದ (ನೆಲದ ನೀರು ಇಳಿಯುವ ಬಾಯಿ) ಉಕ್ಕುತ್ತದೆ. 7 ಇಂಚು ಏರಿಸಿದ್ದು ಇದಕ್ಕೆ. ಈಗ ನೆಲ ರಸ್ತೆಗಿಂತ 13 ಇಂಚು ಮೇಲಿದೆ.

ಆದ್ದರಿಂದ ಮೊದಲ ತೀರ್ಮಾನ: ಮೊಸಾಯಿಕ್ ಎಷ್ಟೇ ಚೆನ್ನಾಗಿದ್ದರೂ ನೆಲವನ್ನು ಇಳಿಸುವ ಹಾಗಿಲ್ಲ. ಕಾರಣ ಇನ್ನೂ ರಸ್ತೆಯಲ್ಲೇ ಇದೆ.

ಕಟ್ಟೆ ಅಲ್ಲ, ಮುಚ್ಚಳ

ಗ್ರಾನೈಟ್ ಹೊದಿಸಿದ ಕಟ್ಟೆಯನ್ನು ಎಲ್ಲರೂ ಅಲಂಕಾರ ಎಂದೇ ನಂಬಿದ್ದರು, ಅದರ ಮೇಲೆ ಫೋಟೋ, ಹೂದಾನಿ ಇಡುತ್ತಿದ್ದರು. ಅಳತೆ ಬೇರೆಯೇ ಹೇಳಿತು. ಉಳಿದ ಹೊರಗೋಡೆಗಳು ಒಳಗಾರೆ, ಹೊರಗಾರೆ ಸೇರಿ ಸುಮಾರು 10 ಇಂಚು ದಪ್ಪ. ದಕ್ಷಿಣ ಗೋಡೆ ಕಟ್ಟೆ ಇರುವಷ್ಟು ಎತ್ತರಕ್ಕೆ ಹೆಚ್ಚುಕಮ್ಮಿ 16 ಇಂಚು. ನಡುವೆ ಒಂದಿಂಚು ಸಂದು ಬಿಟ್ಟು, ಅದರ ಮುಂದೆ 4 ಇಂಚಿನ ಸಾಲಿಡ್ ಬ್ಲಾಕ್ ಏರಿಸಿ ಗಾರೆ ಬಳಿದಿದ್ದರು. 4 ಅಡಿ ಎಂಬ ಎತ್ತರವೇ ಗುಟ್ಟು ಬಿಟ್ಟುಕೊಡುತ್ತದೆ: ನೆಲದಿಂದ ಗೋಡೆಗೆ ಏರುವ ತೇವ ಸಾಮಾನ್ಯವಾಗಿ ನಿಲ್ಲುವುದು 3ರಿಂದ 4 ಅಡಿಗೆ. ಗಾರೆ ಉದುರಿ, ಬಿಳಿ ಉಪ್ಪು ಒಡೆದು, ಎಷ್ಟು ಸಲ ಬಣ್ಣ ಬಳಿದರೂ ನಿಲ್ಲದೆ ಹೋದಾಗ ಅದರ ಮುಂದೆ ಇನ್ನೊಂದು ಗೋಡೆ ಕಟ್ಟಿ ಕಣ್ಣಿಗೆ ಮರೆ ಮಾಡಿದ್ದರು.

ತೇವ ಬಂದದ್ದು ನೆಲ ಏರಿಸಿದ್ದರಿಂದಲೇ. ಪಾಯದ ತುದಿಗೆ ಹಾಕುವ ಬೆಡ್ ಕಾಂಕ್ರೀಟು ಪಾಯದ ತೇವವನ್ನು ಇಟ್ಟಿಗೆಗೆ ಬಿಡದಂತೆ ತಡೆಯುತ್ತದೆ. ಅದು ಹಳೆಯ ನೆಲದ ಮಟ್ಟದಲ್ಲಿದೆ. ಅದರ ಮೇಲೆ 7 ಇಂಚು ತುಂಬಿದಾಗ ತುಂಬಿದ ಮಣ್ಣು ನೇರವಾಗಿ ಇಟ್ಟಿಗೆಗೆ ತಗುಲಿತು, ತಡೆಯನ್ನು ದಾಟಿ ಹೋಗಲು ತೇವಕ್ಕೆ ದಾರಿಯಾಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಉತ್ತರ ಮಾತ್ರ ಸಿಗುತ್ತಿತ್ತು. ತುಂಬಿದ ಮಣ್ಣೊಂದೇ ಕಾರಣವಾಗಿದ್ದರೆ ನಾಲ್ಕೂ ಗೋಡೆ ಒಂದೇ ಸಮ ಒದ್ದೆಯಾಗಬೇಕಿತ್ತು. ಬೇರೆ ಗೋಡೆಗಳಲ್ಲಿ ಸ್ಕರ್ಟಿಂಗ್ ಮೇಲೆ 6ರಿಂದ 8 ಇಂಚಿಗೆ ಕಲೆ ನಿಂತಿತ್ತು, ದಕ್ಷಿಣದ್ದರಲ್ಲಿ ಮಾತ್ರ 4 ಅಡಿ. ದಕ್ಷಿಣ ಗೋಡೆಯ ಸಾಲಿನಲ್ಲೇ ಬಚ್ಚಲು, ಅದರ ಹೊರಗೆ ಚೇಂಬರುಗಳ ಸಾಲು.

ಬಚ್ಚಲಿನ ಟ್ರ್ಯಾಪನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ 1 ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಟ್ಟರು. ಮಟ್ಟ ಹೆಚ್ಚೇನೂ ಇಳಿಯಲಿಲ್ಲ, ಅಂದರೆ ಟೈಲ್ಸ್ ಸಂದುಗಳಿಂದ ಸೋರಿಕೆ ಇಲ್ಲ. ಮುಚ್ಚಳ ತೆಗೆದು ಟ್ರ್ಯಾಪಿನ ಕುತ್ತಿಗೆಯವರೆಗೆ ಮಾತ್ರ ನೀರು ತುಂಬಿ, ಕೆಳಗಿನ ಪೈಪನ್ನು ಚೇಂಬರಿನ ಕಡೆಯಿಂದ ಮುಚ್ಚಿದಾಗ ಅರ್ಧ ಗಂಟೆಯಲ್ಲಿ ನೀರು ಮಾಯ. ಒಡೆದು ನೋಡಿದಾಗ ನೆಲ ಏರಿಸಿದವರು ಹಳೆಯ ಟ್ರ್ಯಾಪನ್ನು ಅಲ್ಲೇ ಬಿಟ್ಟು, ಅದರ ಬಾಯಿಗೆ 7 ಇಂಚಿನ ಪಿವಿಸಿ ತುಂಡು ನಿಲ್ಲಿಸಿ, ಸುತ್ತ ಸಿಮೆಂಟ್ ಮೆತ್ತಿದ್ದು ಕಂಡಿತು. ಪಿವಿಸಿಗೂ ಸಿಮೆಂಟಿಗೂ ಬೆಸುಗೆ ಕೂಡುವುದಿಲ್ಲ. ಬಿಸಿನೀರು, ತಣ್ಣೀರು ಬಿದ್ದಂತೆಲ್ಲ ಪೈಪು ಹಿಗ್ಗಿ ಕುಗ್ಗಿ ಸಂದು ಬಿಡುತ್ತದೆ. ಸ್ನಾನದ ನೀರೆಲ್ಲ ವರ್ಷಗಟ್ಟಲೆ ಆ 4 ಇಂಚಿನ ಡೆಬ್ರಿಗೆ ಇಳಿಯುತ್ತಿತ್ತು.

ಸರಿಪಡಿಸಿದ ಕ್ರಮ: 2×2 ಅಡಿ ಒಡೆದು ಹಳೆಯ ಟ್ರ್ಯಾಪನ್ನು ಪೂರ್ತಿ ತೆಗೆದು, 2 ಇಂಚು ನೀರು ನಿಲ್ಲುವ ಹೊಸ ಟ್ರ್ಯಾಪನ್ನು ಸಾಲ್ವೆಂಟ್ ಸಿಮೆಂಟಿನಲ್ಲಿ (ಪಿವಿಸಿ ಅಂಟು) ಜೋಡಿಸಿದರು. ಪಾಲಿಮರ್ ವಾಟರ್‌ಪ್ರೂಫಿಂಗ್ ಎರಡು ಕೋಟು, ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ, ಗೋಡೆಯ ಮೇಲೆ ಒಂದಡಿಯವರೆಗೆ. ಟೈಲ್ಸ್ ಕೂರಿಸುವ ಮುನ್ನ 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ. ಟ್ರ್ಯಾಪಿನ ಕಡೆಗೆ ಅಡಿಗೆ ಕಾಲು ಇಂಚಿನ ಇಳಿಜಾರು.

ಕಟ್ಟೆಯನ್ನು ಮೇಲಿನ ಸಾಲಿನಿಂದ ಕೆಳಕ್ಕೆ ಕೈ ಉಳಿಯಲ್ಲಿ ಬಿಡಿಸಿದರು. ಬ್ರೇಕರ್ ಬಳಸಿದರೆ ಹಿಂದಿನ ಒದ್ದೆ ಇಟ್ಟಿಗೆಯೂ ಜೊತೆಗೇ ಉದುರುವ ಭಯವಿತ್ತು. ಸಂದಿನಲ್ಲಿ ನಿರೀಕ್ಷಿಸಿದಂತೆ ಗೆದ್ದಲಿನ ಮಣ್ಣು ದಾರಿ ಸಿಕ್ಕಿತು, ಅದು ಕಿಟಕಿಯ ಚೌಕಟ್ಟಿನವರೆಗೆ ಮುಟ್ಟಿತ್ತು. ಹಳೆಯ ಗಾರೆ ಕೆರೆದು, ಗೋಡೆಯ ಬುಡದುದ್ದಕ್ಕೂ 2 ಇಂಚು ಅಗಲದ ಸಂದನ್ನು ಮೊಸಾಯಿಕ್‌ವರೆಗೆ ಕತ್ತರಿಸಿ, ತುಂಬಿದ ಮಣ್ಣನ್ನು ಇಟ್ಟಿಗೆಯಿಂದ ಬೇರ್ಪಡಿಸಿ, ಒಳಮೈಗೆ ವಾಟರ್‌ಪ್ರೂಫ್ ಬಳಿದು ಮುಚ್ಚಿದರು. ಹೊಸ ನೆಲದ ಮಟ್ಟಕ್ಕಿಂತ ತುಸು ಮೇಲೆ, ಗಾರೆಯ ಸಂದಿನಲ್ಲಿ 4 ಇಂಚಿಗೊಂದರಂತೆ 12 ಮಿ.ಮೀ. ತೂತು ಕೊರೆದು ಸಿಲೇನ್ ಕ್ರೀಮ್ (ಇಟ್ಟಿಗೆ ನೀರು ಹೀರದಂತೆ ಮಾಡುವ ರಾಸಾಯನಿಕ) ತುಂಬಿದ್ದು ಎರಡನೆಯ ತಡೆ.

ಈ ಹಂತದಲ್ಲಿ ಅವಸರಪಟ್ಟರೆ ಖರ್ಚೆಲ್ಲ ನೀರಪಾಲು. ಒದ್ದೆ ಇಟ್ಟಿಗೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬ ಲೆಕ್ಕವಿದೆ. 9 ಇಂಚಿನ ಗೋಡೆಗೆ 9 ತಿಂಗಳು. ಅಷ್ಟರೊಳಗೆ ವಾಟರ್‌ಪ್ರೂಫ್ ಸಿಮೆಂಟ್ ಗಾರೆ, ಪುಟ್ಟಿ, ಎಮಲ್ಷನ್ ಹಾಕಿದರೆ ಒಳಗಿನ ನೀರು ಹೊರಬರಲಾಗದೆ ಇನ್ನೂ ಮೇಲಕ್ಕೆ ಏರುತ್ತದೆ.

ಸತ್ತ ಸ್ವಿಚ್ಚು ತೋರಿಸಿದ ಸಂಪು

ಮುಂದಿನ ಕೋಣೆಯ ಸ್ವಿಚ್ಚಿನಿಂದ ಹೊರಟ ವೈರು ಗೋಡೆಯೊಳಗೆ ಕೆಳಕ್ಕೆ ಇಳಿದು ನೆಲದೊಳಗೆ ಹೋಗುತ್ತಿತ್ತು. ಮೇನ್ ಆಫ್ ಮಾಡಿ, ಎರಡೂ ವೈರು ಬಿಚ್ಚಿ, 500 ವೋಲ್ಟ್ ಮೆಗ್ಗರ್‌ನಲ್ಲಿ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಸಾಧನ) ಅರ್ತ್‌ಗೆ ಅಳೆದಾಗ ಬಂದದ್ದು 0.05 ಮೆಗಾಓಮ್‌ಗಿಂತ ಕಡಿಮೆ. ಆರೋಗ್ಯವಾಗಿರುವ ವೈರಿಂಗ್‌ನಲ್ಲಿ 1 ಮೆಗಾಓಮ್‌ಗಿಂತ ಹೆಚ್ಚು ಬರಬೇಕು. ಅಂದರೆ ಆ ವೈರಿನ ತುದಿ ನೀರಿನಲ್ಲಿತ್ತು.

16 ಆಂಪಿಯರ್ ಸ್ವಿಚ್ಚು, ನೆಲದಡಿಯ ವೈರು, ನೀರು ಮತ್ತು ಸುಮಾರು 6×5 ಅಡಿಯ ಚೌಕಾಕಾರದ ಬಿರುಕು, ಇವನ್ನು ಒಟ್ಟಿಗೆ ಇಟ್ಟಾಗ ಹಳೆಯ ಸಂಪು (ನೆಲದಡಿಯ ನೀರಿನ ತೊಟ್ಟಿ) ಮತ್ತು ಅದರ ಮೋಟಾರು ಅಲ್ಲದೆ ಬೇರೇನೂ ಆಗಲು ಸಾಧ್ಯವಿರಲಿಲ್ಲ. ಬಿರುಕಿನ ಒಳಗಿನ ಭಾಗ ಮುಕ್ಕಾಲು ಇಂಚು ಕುಸಿದಿತ್ತು. ಪೋರ್ಟಿಕೋ ಮುಚ್ಚುವಾಗ ಸಂಪನ್ನು ತುಂಬದೆ, ಅದರ 4 ಇಂಚಿನ ಮುಚ್ಚು ತಾರಸಿಯ ಮೇಲೆ 16 ಇಂಚು ಮಣ್ಣು ಸುರಿದು ನೆಲ ಮಾಡಿದ್ದರು. ಅಷ್ಟು ಮಣ್ಣಿನ ಭಾರ ಚದರ ಮೀಟರಿಗೆ ಸುಮಾರು 680 ಕೆ.ಜಿ. ವಾಸದ ಕೋಣೆಗಳ ತಾರಸಿಗೆ ಜನ, ಸಾಮಾನು ಎಲ್ಲ ಸೇರಿ ಲೆಕ್ಕ ಹಿಡಿಯುವ ಬಳಕೆಯ ಭಾರವೇ ಚದರ ಮೀಟರಿಗೆ 200 ಕೆ.ಜಿ. ಒಳಗಿನ ತೇವಕ್ಕೆ ಕಂಬಿ ತುಕ್ಕು ಹಿಡಿದಿದ್ದಂತೂ ಖಂಡಿತ. ಇಡೀ ಮನೆಯಲ್ಲಿ ಅತ್ಯಂತ ಅಪಾಯದ ಜಾಗ ಇದೇ ಆಗಿತ್ತು. ಅಂದೇ ಕೋಣೆ ಖಾಲಿ ಮಾಡಿಸಿದರು.

ಬಿರುಕಿನ ಹೊರಗೆ ನಿಂತು 1 ಇಂಚಿನ ತೂತು ಕೊರೆದು ಟಾರ್ಚು ಹಾಕಿದಾಗ 3 ಅಡಿ ನೀರು ಕಂಡಿತು. ಇಂಥ ಸಂಪಿಗೆ ಯಾರನ್ನೂ ಇಳಿಸಬಾರದು. ವರ್ಷಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕಡಿಮೆಯಾಗಿ ವಿಷಗಾಳಿ ನಿಂತಿರುತ್ತದೆ, ಇಳಿದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ, ಎತ್ತಲು ಇಳಿದವರೂ ಹೋಗುತ್ತಾರೆ. ದೀಪ ಇಳಿಸಿ ನೋಡುವ ರೂಢಿಯನ್ನು ನಂಬುವಂತಿಲ್ಲ, ಎಲ್ಲ ವಿಷಗಾಳಿಗೂ ದೀಪ ಆರುವುದಿಲ್ಲ. ಇಲ್ಲಿ ಕೆಲಸವೆಲ್ಲ ಮೇಲಿನಿಂದಲೇ ಆಯಿತು: ಅಂಚಿನಿಂದ ಶುರುಮಾಡಿ ಮಣ್ಣು ತೆಗೆದು, ತಾರಸಿ ಒಡೆದು ಬಾಯಿ ಪೂರ್ತಿ ತೆರೆದು, ಬ್ಲೋವರ್ ಇಟ್ಟು, ನೀರನ್ನು ಪಂಪಿನಲ್ಲಿ ಹೊರಹಾಕಿ, ಉದ್ದನೆಯ ಹಾರೆಯಿಂದ ತಳವನ್ನು ನಾಲ್ಕು ಕಡೆ ಒಡೆದರು. ತಳ ಒಡೆಯದಿದ್ದರೆ ತುಂಬಿದ ಮೇಲೂ ಅದು ನೀರಿನ ತೊಟ್ಟಿಯಾಗಿಯೇ ಉಳಿಯುತ್ತದೆ.

6×5×5 ಅಡಿ ಎಂದರೆ 150 ಘನ ಅಡಿ, ಸುಮಾರು 4,200 ಲೀಟರಿನ ಸಂಪು. ಬಡಿದಾಗ ಕುಗ್ಗುವುದರಿಂದ 2 ಯೂನಿಟ್, ಅಂದರೆ 200 ಘನ ಅಡಿ ಕ್ವಾರಿ ಡಸ್ಟ್ ತರಿಸಬೇಕಾಯಿತು. 6 ಇಂಚಿಗೊಂದು ಪದರದಂತೆ ನೀರು ಚಿಮುಕಿಸಿ ಬಡಿಯುತ್ತ ಬಂದು, ಮೇಲೆ 1:4:8 ಕಾಂಕ್ರೀಟು 4 ಇಂಚು. ಒಂದೇ ಸಲ ಸುರಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಕುಸಿಯುತ್ತದೆ.

ಅಕ್ಕಪಕ್ಕದವರು ಸಂಪು ಬದಲಾದದ್ದಕ್ಕೆ ಹೇಳುತ್ತಿದ್ದ ಕಾರಣ ವಾಸ್ತು: ಆಗ್ನೇಯದಲ್ಲಿ ನೀರು ಇರಬಾರದು, ಅದಕ್ಕೇ ದೇವಮೂಲೆಗೆ ತಂದರು ಎಂದು. ಹೊಸ ಸಂಪು ಈಶಾನ್ಯದಲ್ಲೇ ಇದೆ, ಅವರ ಮಾತು ಸುಳ್ಳೇನಲ್ಲ. ಆದರೆ ಹಳೆಯ ಸಂಪಿನ ಬಾಯಿ ಈಗಿನ ರಸ್ತೆಗಿಂತ 9 ಇಂಚು ಕೆಳಗಿತ್ತು, ಚರಂಡಿ ಉಕ್ಕಿದಾಗಲೆಲ್ಲ ಕುಡಿಯುವ ನೀರಿಗೆ ಕೊಳಚೆ ಸೇರುತ್ತಿತ್ತು. ಹೊಸದರ ಬಾಯಿಗೆ ಸುತ್ತ ಕಟ್ಟೆ ಕಟ್ಟಿ ರಸ್ತೆಗಿಂತ ಎತ್ತರಿಸಿದ್ದಾರೆ. ಸ್ಥಳ ಆರಿಸಿದ್ದು ವಾಸ್ತು ಇರಬಹುದು, ಬದಲಿಸಲೇಬೇಕಾದ ಒತ್ತಡ ನೀರಿನದು. ವಾಸ್ತುವಿಗಾಗಿಯೇ ಮಾಡಿದ ಬದಲಾವಣೆ ಈ ಮನೆಯಲ್ಲಿ ಒಂದಿದೆ: ಅಡುಗೆಮನೆಯ ಒಲೆಕಟ್ಟೆ ದಕ್ಷಿಣದಿಂದ ಪೂರ್ವದ ಗೋಡೆಗೆ ಬಂದಿದೆ, ಹಳೆಯ ಎಕ್ಸಾಸ್ಟ್ ಫ್ಯಾನಿನ ತೂತು ದಕ್ಷಿಣದಲ್ಲೇ ಮುಚ್ಚಿಕೊಂಡಿದೆ. ಅಲ್ಲಿ ದಿಕ್ಕು ಮಾತ್ರ ಬದಲಾಗಿದೆ, ಮಟ್ಟ ಬದಲಾಗಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಈ ಗುರುತು ಸಾಕು.

ಎರಡು ಮೀಟರು, ಒಂದು ನ್ಯೂಟ್ರಲ್

ಮೀಟರ್ ಬೋರ್ಡಿನಲ್ಲಿ ಎರಡು ಆರ್.ಆರ್. ನಂಬರುಗಳ (ವಿದ್ಯುತ್ ಸಂಪರ್ಕದ ಸಂಖ್ಯೆ) ಗುರುತಿತ್ತು, ಒಂದು ಮೀಟರಿನ ಜಾಗ ಖಾಲಿ. ಹಳೆಯ ಬೋರ್ಡಿನ ಮೇಲೆ ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ) ಎಂಬ ಬರಹವಿತ್ತು. ವಿದ್ಯುತ್ ಮಂಡಳಿ ಕೆಪಿಟಿಸಿಎಲ್ ಆದದ್ದು 1999ರಲ್ಲಿ, ಬೆಸ್ಕಾಂ ಬಂದದ್ದು 2002ರಲ್ಲಿ. ಆದ್ದರಿಂದ ಹಿಂದಿನ ಭಾಗವನ್ನು ಬಾಡಿಗೆಗೆ ಬೇರೆ ಮಾಡಿದ್ದು 1999ಕ್ಕೆ ಮೊದಲೇ. ಅಡ್ಡಗೋಡೆ, ಮುಚ್ಚಿದ ಬಾಗಿಲು, ಹಿಂದೆ ಪುಟ್ಟ ಅಡುಗೆಕಟ್ಟೆಯ ಗುರುತು, ಎಲ್ಲವೂ ಇದಕ್ಕೆ ಕೂಡಿ ಬಂದವು.

ಮುಂದೆ ಮನೆಯೆಲ್ಲ ಒಬ್ಬರದೇ ಆದಾಗ ಒಂದು ಮೀಟರ್ ತೆಗೆಸಿ, ವೈರುಗಳನ್ನು ಸಿಕ್ಕಿದಲ್ಲಿ ಸೇರಿಸಿದ್ದರು. ಹಿಂದಿನ ಭಾಗದ ಎರಡು ಲೈಟುಗಳಿಗೆ ಫೇಸ್ (ಕರೆಂಟು ಬರುವ ವೈರು) ಹಿಂದಿನ ಸರ್ಕ್ಯೂಟಿನದು, ನ್ಯೂಟ್ರಲ್ (ಕರೆಂಟು ಮರಳುವ ವೈರು) ಮುಂದಿನದು. ಕಿಟ್‌ಕ್ಯಾಟ್ ಫ್ಯೂಸು (ತಂತಿ ಕರಗಿ ಕಡಿಯುವ ಹಳೆಯ ಬಗೆಯದು) ಇರುವಷ್ಟು ದಿನ ಇದು ಯಾರಿಗೂ ಗೊತ್ತಾಗಲಿಲ್ಲ. ಹೊಸ ಬೋರ್ಡಿನಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬಂತು. ಹೋದ ಕರೆಂಟು ಮತ್ತು ಮರಳಿದ ಕರೆಂಟು ಸಮ ಇದೆಯೇ ಎಂದು ನೋಡುವುದು ಅದರ ಕೆಲಸ. ಒಂದರಿಂದ ಹೋದದ್ದು ಇನ್ನೊಂದರಲ್ಲಿ ಮರಳಿದರೆ ಎರಡೂ ಬೀಳುತ್ತವೆ. ಮನೆಗೆಲ್ಲ ಒಂದೇ ಆರ್‌ಸಿಸಿಬಿ ಹಾಕಿದ್ದರೆ ಈ ದೋಷ ಕಾಣದೆ ಹಾಗೇ ಉಳಿಯುತ್ತಿತ್ತು. ಆ ಸ್ಥಿತಿಯಲ್ಲಿ ಮುಂದಿನ ಎಂಸಿಬಿ (ಸರ್ಕ್ಯೂಟಿನ ರಕ್ಷಣಾ ಸ್ವಿಚ್ಚು) ಆಫ್ ಮಾಡಿ ನ್ಯೂಟ್ರಲ್ ಬಿಚ್ಚಿದವರಿಗೆ, ಹಿಂದಿನ ಲೈಟು ಹೊತ್ತಿದ್ದರೆ ಶಾಕ್ ಹೊಡೆಯುತ್ತದೆ.

ಸಂಪಿನ ವೈರೂ ಟ್ರಿಪ್ ಮಾಡಿಸುತ್ತಿತ್ತು, ಆದ್ದರಿಂದ ಎರಡು ದೋಷ ಒಂದರಂತೆ ಕಂಡವು. ಬೇರ್ಪಡಿಸಿದ್ದು ಹೀಗೆ: ಒಂದು ನಿರ್ದಿಷ್ಟ ಲೈಟು ಹಾಕಿದ ಕೂಡಲೇ ಪ್ರತಿ ಸಲವೂ ಬಿದ್ದರೆ ನ್ಯೂಟ್ರಲ್ ಅದಲುಬದಲು. ಲೈಟು ಯಾವುದೂ ಇಲ್ಲದೆ ಬಿದ್ದರೆ ಫೇಸ್ ಸೋರಿಕೆ. ಗೀಸರಿನಂಥ ದೊಡ್ಡ ಲೋಡು ಹಾಕಿದಾಗ, ಅದೂ ಒಮ್ಮೊಮ್ಮೆ ಬಿದ್ದರೆ, ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಗುಲಿದೆ. ಸಂಪಿನ ಸ್ವಿಚ್ಚು ಫೇಸನ್ನು ಮಾತ್ರ ಕಡಿಯುವಂಥದ್ದು, ಆಫ್ ಮಾಡಿದರೂ ಅದರ ನ್ಯೂಟ್ರಲ್ ನೀರಿನಲ್ಲೇ ಇರುತ್ತಿತ್ತು. ಆ ವೈರನ್ನು ಬೋರ್ಡಿನಲ್ಲೇ ಎರಡೂ ಕಡೆ ಕತ್ತರಿಸಿ ತೆಗೆದರು. ನ್ಯೂಟ್ರಲ್ ಲಿಂಕಿನಿಂದ ಒಂದೊಂದೇ ವೈರು ಬಿಚ್ಚಿ, ಯಾವ ಫೇಸಿಗೆ ಯಾವ ನ್ಯೂಟ್ರಲ್ ಎಂದು ಹುಡುಕಿ ನಂಬರು ಹಚ್ಚಿದರು.

ಅಡ್ಡಗೋಡೆಯನ್ನು ಏಕೆ ಬಿಟ್ಟರು

ಅಡ್ಡಗೋಡೆಯ ತಳ ನಿಂತಿದ್ದದ್ದು ಹಳೆಯ ಮೊಸಾಯಿಕ್ ಮೇಲೆ, ತುಂಬಿದ ಮಣ್ಣು ಅದರ ಎರಡೂ ಬದಿಗೆ ಬಂದು ನಿಂತಿತ್ತು. ಮನೆ ಕಟ್ಟಿದ ಮೇಲೆ, ನೆಲ ಏರಿಸುವ ಮೊದಲು ಬಂದ 4 ಇಂಚಿನ ಬ್ಲಾಕ್ ಗೋಡೆ ಅದು. ಮೇಲ್ತುದಿಗೂ ತಾರಸಿಗೂ ನಡುವಿನ ಸಂದಿಗೆ ಗಾರೆ ತುರುಕಿದ್ದರು. ಯಾವ ಮೇಸ್ತ್ರಿಯೂ ನೋಡಿದ ಕೂಡಲೇ ಭಾರ ಹೊರದ ಗೋಡೆ ಎಂದು ಹೇಳುತ್ತಾರೆ, ಕಟ್ಟಿದ ದಿನದ ಮಟ್ಟಿಗೆ ಅದು ನಿಜವೂ ಹೌದು.

ಅನುಮಾನ ಬಂದದ್ದು ಮೇಲಿನ ಮಹಡಿ ಅಳೆದಾಗ. ಎರಡೂ ಮಹಡಿಗೆ ಸಮಾನವಾದ ಈಶಾನ್ಯ ಮೂಲೆಯಿಂದ ಟೇಪು ಹಿಡಿದರೆ ಕೆಳಗಿನ ಗೋಡೆ 17 ಅಡಿ 3 ಇಂಚಿಗೆ, ಮೇಲೆ 6 ಇಂಚಿನ ಒಂದು ಬ್ಲಾಕ್ ಗೋಡೆ 17 ಅಡಿ 2 ಇಂಚಿಗೆ. ಮಹಡಿ ಕಟ್ಟಿದವರು ಕೆಳಗೆ ಗೋಡೆಯಿದೆ ಎಂದು ನಂಬಿ ಅದರ ನೇರಕ್ಕೆ ಮೇಲಿನ ಗೋಡೆ ಏರಿಸಿದ್ದರು. ಹತ್ತಡಿ ಎತ್ತರದ ಅಂಥ ಗೋಡೆಯ ತೂಕ ಮೀಟರಿಗೆ ಸುಮಾರು 900 ಕೆ.ಜಿ. ನಡುವೆ ಬೀಮು ಇಲ್ಲದ ತಾರಸಿ ಅದನ್ನು ಕೆಳಗಿನ ಗೋಡೆಗೇ ದಾಟಿಸುತ್ತಿದೆ. ಗಾರೆ ತುರುಕಿದ ಸಂದಿನುದ್ದಕ್ಕೂ ಬಿರುಕೇ ಇಲ್ಲದಿರುವುದು ಅದಕ್ಕೆ ಸಾಕ್ಷಿ. ಭಾರ ಒತ್ತದ ಗೋಡೆಯಾಗಿದ್ದರೆ ಅಲ್ಲಿ ಕೂದಲೆಳೆಯಷ್ಟಾದರೂ ಗೆರೆ ಬಿದ್ದಿರುತ್ತಿತ್ತು.

ಸ್ಟ್ರಕ್ಚರಲ್ ಎಂಜಿನಿಯರ್ ಎರಡು ದಾರಿ ಕೊಟ್ಟರು. ಜಾಕ್‌ಗಳ ಆಸರೆ ಕೊಟ್ಟು ಉಕ್ಕಿನ ಬೀಮು ಕೂರಿಸಿ ಗೋಡೆ ಪೂರ್ತಿ ತೆಗೆಯುವುದು, ಇಲ್ಲವೇ ಗೋಡೆ ಉಳಿಸಿ ಹಳೆಯ ಬಾಗಿಲಿನ ಜಾಗವನ್ನಷ್ಟೇ ತೆರೆಯುವುದು. ಬೀಮಿನ ಎರಡೂ ತುದಿ ಕೂರುವ ಗೋಡೆಗಳಲ್ಲಿ ಒಂದು ಇನ್ನೂ ಒಣಗುತ್ತಿರುವ ದಕ್ಷಿಣ ಗೋಡೆ. ಒದ್ದೆ ಇಟ್ಟಿಗೆಯ ಮೇಲೆ ಅಷ್ಟು ಭಾರವನ್ನು ಒಂದೇ ಕಡೆ ಹೊರಿಸುವುದು ಸರಿಯಲ್ಲವೆಂದು ಎರಡನೆಯದನ್ನೇ ಆರಿಸಿದರು. ಮುಚ್ಚಿದ್ದ ಬಾಗಿಲಿನ ಮೇಲೆ ಲಿಂಟಲ್ ಇರಲಿಲ್ಲ. ಹೊಸ ಕಾಂಕ್ರೀಟ್ ಲಿಂಟಲ್ಲನ್ನು ಎರಡೂ ಬದಿಗೆ 6 ಇಂಚು ಗೋಡೆಯ ಮೇಲೆ ಕೂರುವಂತೆ ಹಾಕಿ, ಅದು ಬಲಿತ ಮೇಲೆಯೇ 3 ಅಡಿಯ ಬಾಗಿಲು ಬಿಡಿಸಿದರು.

ಅಟ್ಟದ ಗೋಡೆಯಲ್ಲಿ ಮುಕ್ಕಾಲು ಇಂಚಿನ ಒಂದು ಜಿಐ ಪೈಪು ಹೊರಚಾಚಿದೆ. ನೀರಿಲ್ಲ, ಇನ್ನೊಂದು ತುದಿ ಸಿಗಲಿಲ್ಲ. ಅದಕ್ಕೆ ಕ್ಯಾಪ್ ಹಾಕಿ ಹಾಗೇ ಬಿಟ್ಟಿದ್ದಾರೆ. ಮೊಸಾಯಿಕ್‌ನ ಮಟ್ಟ, ತುಂಬಿದ ಸಂಪಿನ ಜಾಗ, ಭಾರ ಹೊತ್ತ ಅಡ್ಡಗೋಡೆ, ಹೊಸ ಟ್ರ್ಯಾಪು ಮತ್ತು ಈ ಪೈಪು, ಎಲ್ಲವನ್ನೂ ಅಳತೆ ಸಮೇತ ಗುರುತಿಸಿದ ನಕ್ಷೆ ಮೀಟರ್ ಬೋರ್ಡಿನ ಬಾಗಿಲಿನ ಒಳಬದಿಯಲ್ಲಿದೆ. ದಕ್ಷಿಣ ಗೋಡೆಯ ಒಣಗುವ ಲೆಕ್ಕ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ದಿನದ ಮೇಲೆ ತೆಗೆದಾಗ ಹಿಂಬದಿಯಲ್ಲಿ ಹನಿ ಕಾಣದಿದ್ದರೆ ಸುಣ್ಣದ ಗಾರೆ ಹಾಕುವುದೆಂದು ನಿರ್ಧಾರವಾಗಿದೆ.